ಅಲ್ಪವಿರಾಮವೂ ಕಾಲರೂಪವೂ: ಕನ್ನಡದ ಕಿವಿಗೆ ಇಂಗ್ಲಿಷ್ ವ್ಯಾಕರಣ

ಇಂಗ್ಲಿಷ್ ವ್ಯಾಕರಣದ ಶಾಲಾ ಪುಸ್ತಕಗಳಲ್ಲಿ ನಾಮಪದಗಳ ವಿಚಾರ ಒಂದು ಭಾಗದಲ್ಲಿಯೂ ಕ್ರಿಯಾಪದಗಳ ವಿಚಾರ ಇನ್ನೊಂದು ಭಾಗದಲ್ಲಿಯೂ ಇರುವುದರಿಂದ, ಒಂದು ಹೆಸರಿನ ಪಕ್ಕದಲ್ಲಿ ಇನ್ನೊಂದು ಹೆಸರನ್ನು ಇಡುವ ಕ್ರಮಕ್ಕೂ ಕ್ರಿಯಾಪದದ ಕಾಲವನ್ನು ಆರಿಸುವ ಕ್ರಮಕ್ಕೂ ಯಾವ ನಂಟೂ ಇಲ್ಲವೆಂದು ಕಲಿಯುವವರು ಭಾವಿಸುವುದು ಸಹಜ. ಮೊದಲನೆಯದು ಅರ್ಧ ಪುಟದಲ್ಲಿ ಮುಗಿಯುವ ಸಣ್ಣ ಪಾಠ; ಎರಡನೆಯದು ವರ್ಷಗಟ್ಟಲೆ ಬಾಯಿಪಾಠ ಮಾಡಿಸುವ ದೊಡ್ಡ ಪಟ್ಟಿ. ಆದರೆ ಕನ್ನಡ ಮನೆಮಾತಿನ ವಿದ್ಯಾರ್ಥಿ ಇಂಗ್ಲಿಷ್ ಬರೆಯುವಾಗ ಎಡವುವ ಜಾಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ಪಾಠಗಳ ಹಿಂದೆ ಒಂದೇ ಬೇಡಿಕೆ ಇರುವುದು ಕಾಣುತ್ತದೆ: ಹೇಳುವವನು ಎಲ್ಲಿ ನಿಂತು ಹೇಳುತ್ತಿದ್ದಾನೆ, ಕೇಳುವವನಿಗೆ ಏನು ಮೊದಲೇ ಗೊತ್ತಿದೆ ಎಂಬುದನ್ನು ಇಂಗ್ಲಿಷ್ ವಾಕ್ಯ ಒಂದು ಅಲ್ಪವಿರಾಮದಲ್ಲೋ ಒಂದು ಸಹಾಯಕ ಕ್ರಿಯಾಪದದಲ್ಲೋ ತೋರಿಸಿಕೊಡಬೇಕಾಗುತ್ತದೆ. ಕನ್ನಡಕ್ಕೂ ಈ ಲೆಕ್ಕಾಚಾರ ಹೊಸದೇನಲ್ಲ. ಅದು ಅದನ್ನು ವಾಕ್ಯದ ಬೇರೆ ಜಾಗಗಳಲ್ಲಿ, ಬೇರೆ ಸಲಕರಣೆಗಳಿಂದ ಮಾಡುತ್ತದೆ, ಅಷ್ಟೆ.

ಒಂದು ನಾಮಪದದ ಪಕ್ಕದಲ್ಲಿಯೇ ನಿಂತು, ಅದು ಸೂಚಿಸುವ ವ್ಯಕ್ತಿಯನ್ನೋ ವಸ್ತುವನ್ನೋ ಇನ್ನೊಂದು ಹೆಸರಿನಿಂದ ಸೂಚಿಸುವ ಪದ ಅಥವಾ ಪದಪುಂಜಕ್ಕೆ ಇಂಗ್ಲಿಷ್ ವ್ಯಾಕರಣದಲ್ಲಿ ಅಪಾಸಿಟಿವ್ ಎಂದು ಹೆಸರು. ಸಂಸ್ಕೃತ ವ್ಯಾಕರಣದ ಪರಿಭಾಷೆಯಲ್ಲಿ ಇದಕ್ಕೆ ತೀರ ಹತ್ತಿರದ ಮಾತು ಸಾಮಾನಾಧಿಕರಣ್ಯ, ಅಂದರೆ ಎರಡು ಪದಗಳು ಒಂದೇ ಆಧಾರವನ್ನು, ಒಂದೇ ಪದಾರ್ಥವನ್ನು ಹೊಂದಿರುವುದು. ಆದ್ದರಿಂದ ಇಲ್ಲಿ ಅಪಾಸಿಟಿವನ್ನು ಸಮಾನಾಧಿಕರಣ ಪದ ಎಂದು ಕರೆಯಬಹುದು. ಸಂಸ್ಕೃತದಲ್ಲಿ ಇಂಥ ಎರಡು ಪದಗಳೂ ಒಂದೇ ವಿಭಕ್ತಿಯನ್ನು ಹೊತ್ತುಕೊಂಡಿರುವುದರಿಂದ ಅವು ದೂರದೂರ ಬಿದ್ದಿದ್ದರೂ ಜೋಡಿಯನ್ನು ಗುರುತಿಸಬಹುದು. ಕನ್ನಡದಲ್ಲಿ ವಿಭಕ್ತಿ ಕೊನೆಯ ಪದಕ್ಕೆ ಮಾತ್ರ ಹತ್ತುತ್ತದೆ: ಕವಿ ಬೇಂದ್ರೆಯವರನ್ನು ಎನ್ನುತ್ತೇವೆಯೇ ಹೊರತು ಕವಿಯನ್ನು ಬೇಂದ್ರೆಯವರನ್ನು ಎನ್ನುವುದಿಲ್ಲ. ಇಂಗ್ಲಿಷಿನಲ್ಲಿ ನಾಮಪದಕ್ಕೆ ಹತ್ತುವ ವಿಭಕ್ತಿ ಹೆಚ್ಚುಕಡಿಮೆ ಸವೆದುಹೋಗಿರುವ ಕಾರಣ, ಪದಗಳು ಪಕ್ಕಪಕ್ಕದಲ್ಲಿ ನಿಂತಿರುವುದು ಮತ್ತು ಅವುಗಳ ನಡುವೆ ಅಲ್ಪವಿರಾಮ ಇದೆಯೋ ಇಲ್ಲವೋ ಎಂಬುದು, ಇವೆರಡೇ ಓದುಗನಿಗೆ ಸಿಗುವ ಗುರುತುಗಳು.

ಈ ಅಲ್ಪವಿರಾಮದ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಶಾಲೆಯಲ್ಲಿ ಇದನ್ನು ಲೇಖನ ಚಿಹ್ನೆಗಳ ಪಾಠಕ್ಕೆ ಸೇರಿಸಿ ಕೈತೊಳೆದುಕೊಳ್ಳುತ್ತಾರೆ. ನಿಜವಾಗಿ ಅದು ಅರ್ಥದ ಪಾಠ. ರಾಮಾಯಣದಿಂದಲೇ ಉದಾಹರಣೆ ತೆಗೆದುಕೊಂಡರೆ, ರಾಮನ ಹೆಂಡತಿ ಸೀತೆ ಕಾಡಿಗೆ ಹೋದಳು ಎಂಬ ಮಾತನ್ನು ಇಂಗ್ಲಿಷಿನಲ್ಲಿ ಬರೆಯುವವರು 'ರಾಮಾಸ್ ವೈಫ್, ಸೀತಾ, ವೆಂಟ್ ಟು ದ ಫಾರೆಸ್ಟ್' ಎಂದು ಸೀತೆಯ ಹೆಸರಿನ ಎರಡೂ ಬದಿಗೆ ಅಲ್ಪವಿರಾಮ ಹಾಕಬೇಕು. ಅದೇ ದಶರಥನ ಹೆಂಡತಿ ಕೈಕೇಯಿ ಎರಡು ವರ ಕೇಳಿದಳು ಎನ್ನುವಾಗ 'ದಶರಥಾಸ್ ವೈಫ್ ಕೈಕೇಯಿ ಆಸ್ಕ್ಡ್ ಫಾರ್ ಟು ಬೂನ್ಸ್' ಎಂದು ಅಲ್ಪವಿರಾಮವಿಲ್ಲದೆ ಬರೆಯಬೇಕು. ರಾಮ ಏಕಪತ್ನೀವ್ರತಸ್ಥನಾದ್ದರಿಂದ ರಾಮನ ಹೆಂಡತಿ ಎಂದ ಕೂಡಲೇ ಯಾರೆಂಬುದು ನಿಶ್ಚಯವಾಯಿತು, ಸೀತೆ ಎಂಬ ಹೆಸರು ಆಮೇಲೆ ಬಂದ ಹೆಚ್ಚಿನ ಮಾಹಿತಿ, ತೆಗೆದುಹಾಕಿದರೂ ವಾಕ್ಯ ಕುಸಿಯುವುದಿಲ್ಲ. ದಶರಥನಿಗೆ ಮೂವರು ಪಟ್ಟದ ರಾಣಿಯರಿದ್ದುದರಿಂದ ಅಲ್ಲಿ ಹೆಸರು ಬಂದ ಮೇಲೆಯೇ ವ್ಯಕ್ತಿ ಯಾರೆಂದು ತಿಳಿಯುವುದು, ಹೆಸರನ್ನು ಬಿಟ್ಟರೆ ವರ ಕೇಳಿದವಳು ಕೌಸಲ್ಯೆಯೂ ಆಗಬಹುದು. ಹೀಗೆ ಗುರುತಿಸಲು ಬೇಕೇ ಬೇಕಾದ ಸಮಾನಾಧಿಕರಣ ಪದವನ್ನು ನಿರ್ಬಂಧಕವೆಂದೂ, ಗುರುತಿಸಿ ಆದಮೇಲೆ ಸೇರಿಸುವ ಪದವನ್ನು ಅನಿರ್ಬಂಧಕವೆಂದೂ ಹೇಳಬಹುದು. ಸೀತೆಯ ಹೆಸರಿನ ಬದಿಯ ಅಲ್ಪವಿರಾಮಗಳನ್ನು ಬಿಟ್ಟುಬಿಟ್ಟರೆ ರಾಮನಿಗೆ ಬಹುಪತ್ನಿತ್ವವನ್ನು ಕಟ್ಟಿದಂತೆ. ಎರಡು ಚುಕ್ಕೆಗಳಿಗೆ ಇಷ್ಟು ಶಕ್ತಿ ಇರುವುದನ್ನು ವಿದ್ಯಾರ್ಥಿಗಳು ನಗುತ್ತಲೇ ಒಪ್ಪಿಕೊಳ್ಳುತ್ತಾರೆ.

ಬಾನುಲಿಯಲ್ಲಿ ಈ ಭೇದ ಕಿವಿಗೆ ಬೀಳುವ ಬಗೆಯೂ ಗಮನಾರ್ಹ. ಅನಿರ್ಬಂಧಕ ಪದ ಬಂದಾಗ ಇಂಗ್ಲಿಷ್ ಓದುವವರು ಧ್ವನಿಯನ್ನು ಒಮ್ಮೆ ನಿಲ್ಲಿಸಿ, ಸೇರಿಸಿದ ಮಾತಿಗೆ ಅದರದೇ ಆದ ಏರಿಳಿತವನ್ನು ಕೊಟ್ಟು, ಮತ್ತೆ ನಿಲ್ಲಿಸಿ ಮುಂದೆ ಹೋಗುತ್ತಾರೆ. ನಿರ್ಬಂಧಕವಾದರೆ ಎರಡೂ ಹೆಸರುಗಳು ಒಂದೇ ಉಸಿರಿನಲ್ಲಿ ಹೊರಬರುತ್ತವೆ. ಕಾಗದದ ಮೇಲಿನ ಅಲ್ಪವಿರಾಮ ಈ ಉಸಿರಿನ ಗುರುತು. ಆದುದರಿಂದ ಮೊದಲ ಅಲ್ಪವಿರಾಮ ಹಾಕಿ ಎರಡನೆಯದನ್ನು ಮರೆಯುವುದು, ಬರವಣಿಗೆಯಲ್ಲಿ ಅತಿ ಸಾಮಾನ್ಯವಾದ ಈ ತಪ್ಪು, ತೆರೆದ ಬಾಗಿಲನ್ನು ಮುಚ್ಚದೆ ಹೋದ ಹಾಗೆ. 'ಕುವೆಂಪು, ದ ಫಸ್ಟ್ ಕನ್ನಡ ರೈಟರ್ ಟು ರಿಸೀವ್ ದ ಜ್ಞಾನಪೀಠ್ ಅವಾರ್ಡ್, ವಾಸ್ ಬಾರ್ನ್ ಇನ್ 1904' ಎಂಬ ವಾಕ್ಯವನ್ನು ಗಟ್ಟಿಯಾಗಿ ಓದಿಸಿದರೆ, ಅವಾರ್ಡ್ ಎಂಬ ಪದದ ನಂತರ ನಿಲ್ಲದೆ ಮುಂದೆ ಹೋಗುವುದು ಅಸಾಧ್ಯವೆಂದು ಕಿವಿಯೇ ಹೇಳುತ್ತದೆ.

ಕನ್ನಡಕ್ಕೆ ಅಲ್ಪವಿರಾಮ ಮುದ್ರಣಯುಗದಲ್ಲಿ ಬಂದ ಅತಿಥಿ; ತಾಳೆಗರಿಯ ಬರವಣಿಗೆ ಪದಗಳ ನಡುವೆ ತೆರಪನ್ನೂ ಬಿಡದೆ ಸಾಗುತ್ತಿತ್ತು. ಹೀಗಿರುವಾಗ ಇಂಗ್ಲಿಷ್ ಅಲ್ಪವಿರಾಮಕ್ಕೆ ವಹಿಸಿದ ಕೆಲಸವನ್ನು ಕನ್ನಡ ಮಾಡುವುದು ಹೇಗೆ? ಉತ್ತರ ಕುತೂಹಲಕರವಾದುದು: ಕನ್ನಡ ಅದನ್ನು ಕ್ರಿಯಾಪದದಿಂದ ಮಾಡುತ್ತದೆ. ಜ್ಞಾನಪೀಠ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕರಾದ ಕುವೆಂಪು ಎನ್ನುವಾಗ ಬರುವ 'ಆದ' ಎಂಬುದು ಆಗು ಧಾತುವಿನ ಕೃದಂತ. ವಾಲ್ಮೀಕಿ ಎಂಬ ಋಷಿ ಎನ್ನುವಾಗ ಬರುವ 'ಎಂಬ' ಎಂಬುದು ಎನ್ನು ಧಾತುವಿನ ಕೃದಂತ. ಇವೆರಡನ್ನು ಬಳಸುವಾಗ ಕನ್ನಡಿಗರು ತಿಳಿಯದೆಯೇ ಕೇಳುಗನ ಅರಿವನ್ನು ಅಳೆಯುತ್ತಾರೆ. ಕೇಳುಗನಿಗೆ ಹೆಸರು ಹೊಸದಾಗಿದ್ದರೆ ಎಂಬ ಬರುತ್ತದೆ, ವ್ಯಕ್ತಿ ಪರಿಚಿತನಾಗಿದ್ದು ಅವನ ಗುಣವನ್ನೋ ಸ್ಥಾನವನ್ನೋ ನೆನಪಿಸುವುದಾದರೆ ಆದ ಬರುತ್ತದೆ. ಹಿಂದೆ ಒಂದೂರಿನಲ್ಲಿ ಸೋಮಯ್ಯ ಎಂಬ ರೈತನಿದ್ದ ಎಂದು ಕಥೆ ಆರಂಭವಾಗುತ್ತದೆ. ಆದರೆ ಗಾಂಧಿ ಎಂಬ ನಾಯಕ ಎಂದು ಯಾರಾದರೂ ಬರೆದರೆ ಅದರಲ್ಲಿ ವ್ಯಂಗ್ಯವನ್ನೋ ಹಠವನ್ನೋ ಓದುಗ ಹುಡುಕುತ್ತಾನೆ. ಇಂಗ್ಲಿಷ್ ಅಲ್ಪವಿರಾಮ ಕೇಳುವ ಪ್ರಶ್ನೆ ಇದಕ್ಕಿಂತ ಸ್ವಲ್ಪ ಬೇರೆ: ವ್ಯಕ್ತಿಯನ್ನು ಗುರುತಿಸಿ ಆಯಿತೋ ಇಲ್ಲವೋ ಎಂಬುದಷ್ಟೇ ಅದಕ್ಕೆ ಬೇಕು. ಸೋಮಯ್ಯನ ಕಥೆಗೆ ಇಂಗ್ಲಿಷ್ ಅಲ್ಪವಿರಾಮವನ್ನು ಬಿಟ್ಟು 'ಎ ಫಾರ್ಮರ್ ಕಾಲ್ಡ್ ಸೋಮಯ್ಯ' ಎಂದು ಒಂದು ಕ್ರಿಯಾಪದವನ್ನೇ ಕರೆದುಕೊಳ್ಳುತ್ತದೆ, ಮತ್ತು ಆ ಒಂದು ಜಾಗದಲ್ಲಿ ಎರಡು ಭಾಷೆಗಳು ಒಂದೇ ದಾರಿ ಹಿಡಿಯುತ್ತವೆ.

ಪದಗಳ ಕ್ರಮವೂ ಕಲಿಯುವವನನ್ನು ಕಾಡುತ್ತದೆ. ಕನ್ನಡದಲ್ಲಿ ವಿವರಣೆ ಮುಂಚೆ, ಹೆಸರು ಆಮೇಲೆ. ಇಂಗ್ಲಿಷಿನಲ್ಲಿ ಉದ್ದವಾದ ವಿವರಣೆ ಸಾಮಾನ್ಯವಾಗಿ ಹೆಸರಿನ ಬೆನ್ನಿಗೆ ಬರುತ್ತದೆ. ಕನ್ನಡದ ಕ್ರಮವನ್ನೇ ಇಂಗ್ಲಿಷಿಗೆ ಸಾಗಿಸಿದರೆ ವಾಕ್ಯದ ತಲೆ ಭಾರವಾಗಿ, ಆರ್ಟಿಕಲ್ ಎಲ್ಲಿಡಬೇಕೆಂಬುದು ತೋಚದೆ, ಹೆಸರು ಬರುವಷ್ಟರಲ್ಲಿ ಓದುಗನ ತಾಳ್ಮೆ ತೀರಿರುತ್ತದೆ. ಚಿಕ್ಕ ಬಿರುದುಗಳನ್ನು ಹೆಸರಿನ ಮುಂದೆ ಆರ್ಟಿಕಲ್ ಇಲ್ಲದೆ ಇಡುವ ರೂಢಿ ಇಂಗ್ಲಿಷಿನಲ್ಲಿ ಪತ್ರಿಕೆಗಳಿಂದ ಬೆಳೆದದ್ದು. 1923ರಲ್ಲಿ ವಾರಪತ್ರಿಕೆಯಾಗಿ ಆರಂಭವಾದ ಅಮೆರಿಕದ ಟೈಮ್ ಪತ್ರಿಕೆಯ ಶೈಲಿಯೊಂದಿಗೆ ಆ ರೂಢಿಯ ಹೆಸರು ಅಂಟಿಕೊಂಡಿದೆ, ಮತ್ತು ಇಂದಿಗೂ ಕೆಲವು ಸಂಪಾದಕರು ಅದನ್ನು ಸುಳ್ಳು ಬಿರುದು ಎಂದು ಕರೆದು ದೂರವಿಡುತ್ತಾರೆ. ಕವಿ ಬೇಂದ್ರೆ, ನಟ ರಾಜ್‌ಕುಮಾರ್ ಎಂಬ ಪ್ರಯೋಗಗಳು ಸಹಜವಾಗಿರುವ ಕನ್ನಡದ ಓದುಗನಿಗೆ ಈ ಜಗಳ ಏಕೆಂದು ಅರ್ಥವಾಗದಿದ್ದರೆ ತಪ್ಪಿಲ್ಲ. ಬೆಂಗಳೂರು ನಗರ, ಜೂನ್ ತಿಂಗಳು ಎಂಬ ಜೋಡಿಗಳ ವಿಷಯ ಮಾತ್ರ ಬೇರೆ. ಅಲ್ಲಿ ಇಂಗ್ಲಿಷ್ 'ದ ಸಿಟಿ ಆಫ್ ಬೆಂಗಳೂರು', 'ದ ಮಂತ್ ಆಫ್ ಜೂನ್' ಎಂದು ಷಷ್ಠಿಯಂತೆ ಕಾಣುವ ಆಫ್ ಅನ್ನು ನಡುವೆ ತರುತ್ತದೆ, ಆದರೆ ಸಂಬಂಧ ಷಷ್ಠಿಯದಲ್ಲ, ಸಾಮಾನಾಧಿಕರಣ್ಯದ್ದೇ.

ಎರಡು ಹೆಸರುಗಳನ್ನು ಪಕ್ಕಪಕ್ಕ ಇಟ್ಟಾಗ ಕನ್ನಡದಲ್ಲಿ ಇನ್ನೂ ಒಂದು ಸಂಗತಿ ನಡೆಯುತ್ತದೆ, ಅದು ನೇರವಾಗಿ ಕಾಲದ ವಿಚಾರಕ್ಕೆ ಒಯ್ಯುತ್ತದೆ. ರಮೇಶ ನನ್ನ ತಮ್ಮ ಎಂಬುದು ಕನ್ನಡದಲ್ಲಿ ಪೂರ್ಣ ವಾಕ್ಯ. ಅದರಲ್ಲಿ ಕ್ರಿಯಾಪದವಿಲ್ಲ, ಕಾಲಪ್ರತ್ಯಯವೂ ಇಲ್ಲ. ಅದನ್ನೇ ಪದಕ್ಕೆ ಪದವಾಗಿ ಇಂಗ್ಲಿಷಿಗೆ ತಂದು 'ರಮೇಶ್, ಮೈ ಬ್ರದರ್' ಎಂದರೆ ವಾಕ್ಯವಾಗುವುದಿಲ್ಲ, ಬರೀ ಸಮಾನಾಧಿಕರಣ ಜೋಡಿಯಾಗಿ, ಮುಂದೇನು ಎಂದು ಕೇಳುಗ ಕಾಯುತ್ತಾನೆ. ವಾಕ್ಯವಾಗಬೇಕಾದರೆ ನಡುವೆ ಈಸ್ ಬರಬೇಕು, ಈಸ್ ಬಂದರೆ ಕಾಲ ಬಂದೇ ಬಂತು. ಅಂದರೆ ಇಂಗ್ಲಿಷಿನಲ್ಲಿ ಸಮಾನಾಧಿಕರಣ ಪದವನ್ನೂ ಪೂರ್ಣ ವಾಕ್ಯವನ್ನೂ ಬೇರ್ಪಡಿಸುವುದು ಕಾಲರೂಪವೇ. ಕನ್ನಡದಲ್ಲಿ ಆ ಕೆಲಸವನ್ನು ಪದಕ್ರಮ ಮತ್ತು ಆದ, ಎಂಬ ಮುಂತಾದ ಕೃದಂತಗಳು ಮಾಡುತ್ತವೆ. ಆರಂಭದ ತರಗತಿಗಳಲ್ಲಿ ಮಕ್ಕಳು ಈಸ್ ಅನ್ನು ಬಿಟ್ಟುಬಿಡುವುದಕ್ಕೆ ಅಜಾಗರೂಕತೆಯನ್ನು ದೂರುವುದಕ್ಕಿಂತ, ಅವರ ಮನೆಮಾತಿನಲ್ಲಿ ಆ ಜಾಗ ಖಾಲಿಯಾಗಿಯೇ ಇದೆಯೆಂದು ತಿಳಿಯುವುದು ಹೆಚ್ಚು ಉಪಯುಕ್ತ.

ಕಾಲರೂಪ ಎಂದರೆ ಕ್ರಿಯಾಪದದ ಆಕಾರ, ಕಾಲ ಎಂದರೆ ಲೋಕದಲ್ಲಿ ಹರಿಯುವ ಸಮಯ; ಎರಡನ್ನೂ ಒಂದೇ ಎಂದು ತಿಳಿಯುವುದರಿಂದ ಅರ್ಧಕ್ಕರ್ಧ ತೊಂದರೆ ಹುಟ್ಟುತ್ತದೆ. ಶಾಲೆಯ ಗೋಡೆಯ ಮೇಲಿನ ಟೆನ್ಸ್ ಚಾರ್ಟಿನಲ್ಲಿ ಭೂತ, ವರ್ತಮಾನ, ಭವಿಷ್ಯತ್ ಎಂಬ ಮೂರು ಸಾಲುಗಳೂ, ಸಿಂಪಲ್, ಕಂಟಿನ್ಯುಯಸ್, ಪರ್ಫೆಕ್ಟ್, ಪರ್ಫೆಕ್ಟ್ ಕಂಟಿನ್ಯುಯಸ್ ಎಂಬ ನಾಲ್ಕು ಕಂಬಸಾಲುಗಳೂ ಸೇರಿ ಹನ್ನೆರಡು ಮನೆಗಳಿರುತ್ತವೆ. ಈ ಸಂಖ್ಯೆ ಶಾಶ್ವತವಾದುದೇನಲ್ಲ. ಅನಂತದ ಚಿಹ್ನೆಯನ್ನು ಗಣಿತಕ್ಕೆ ಕೊಟ್ಟ ಜಾನ್ ವಾಲಿಸ್ 1653ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಬರೆದ ಇಂಗ್ಲಿಷ್ ವ್ಯಾಕರಣದಲ್ಲಿ ಇಂಗ್ಲಿಷಿಗೆ ಎರಡೇ ಕಾಲರೂಪಗಳೆಂದು ಹೇಳಿದ. ಅಮೆರಿಕದಲ್ಲಿ ಹುಟ್ಟಿ ಇಂಗ್ಲೆಂಡಿನ ಯಾರ್ಕ್ ಬಳಿ ನೆಲೆಸಿದ ವಕೀಲ ಲಿಂಡ್ಲಿ ಮರ್ರೆ 1795ರಲ್ಲಿ ಪ್ರಕಟಿಸಿದ ವ್ಯಾಕರಣ ಲ್ಯಾಟಿನ್ ಮಾದರಿಯಂತೆ ಆರು ಎಂದಿತು. ರ‍್ಯಾಂಡಲ್ಫ್ ಕ್ವರ್ಕ್ ಮತ್ತು ಮೂವರು ಸಹಲೇಖಕರ 1985ರ ಬೃಹತ್ ವ್ಯಾಕರಣ ಮತ್ತೆ ಎರಡಕ್ಕೇ ಮರಳಿತು: ಧಾತುವೇ ರೂಪ ಬದಲಿಸಿಕೊಳ್ಳುವುದು ಭೂತಕ್ಕೆ ಮತ್ತು ಭೂತವಲ್ಲದ್ದಕ್ಕೆ ಮಾತ್ರ, ವಿಲ್ ಎಂಬುದು ಕ್ಯಾನ್, ಮೇ, ಮಸ್ಟ್‌ಗಳ ಗುಂಪಿಗೆ ಸೇರಿದ ಸಹಾಯಕ ಕ್ರಿಯಾಪದ, ಕಂಟಿನ್ಯುಯಸ್ ಮತ್ತು ಪರ್ಫೆಕ್ಟ್‌ಗಳು ಕಾಲವನ್ನು ಹೇಳುವುದಕ್ಕಿಂತ ಹೆಚ್ಚಾಗಿ ಕ್ರಿಯೆಯನ್ನು ನೋಡುವ ಬಗೆಯನ್ನು ಹೇಳುತ್ತವೆ.

ಭಾರತದ ಶಾಲೆಗಳಲ್ಲಿ ಹನ್ನೆರಡು ಮನೆಗಳ ಪಟ್ಟಿಗೆ ಭದ್ರವಾದ ನೆಲೆ ಸಿಕ್ಕಿದ್ದಕ್ಕೆ ಪಿ. ಸಿ. ರೆನ್ ಮತ್ತು ಎಚ್. ಮಾರ್ಟಿನ್ ಅವರ 1935ರ ಹೈಸ್ಕೂಲ್ ವ್ಯಾಕರಣವೂ ಅದರ ದಾರಿಯಲ್ಲಿ ಬಂದ ಗೈಡುಗಳೂ ದೊಡ್ಡ ಕಾರಣ. ಈ ರೆನ್ ಮುಂಬಯಿ ಪ್ರಾಂತದ ಶಿಕ್ಷಣ ಇಲಾಖೆಯಲ್ಲಿ ಕೆಲಸ ಮಾಡಿದ್ದವನು, 1924ರಲ್ಲಿ ಬೋ ಜೆಸ್ಟ್ ಎಂಬ ಸಾಹಸ ಕಾದಂಬರಿ ಬರೆದು ಹೆಸರಾದವನು. ಕಾದಂಬರಿಯ ಓದುಗರಿಗಿಂತ ವ್ಯಾಕರಣದ ಓದುಗರೇ ಅವನಿಗೆ ಇಲ್ಲಿ ಹೆಚ್ಚು ಕಾಲ ನಿಷ್ಠರಾಗಿ ಉಳಿದದ್ದು ವಿಚಿತ್ರವೇ ಸರಿ. ಪಟ್ಟಿಯನ್ನು ಹಗುರವಾಗಿ ತಳ್ಳಿಹಾಕಬೇಕಾಗಿಲ್ಲ, ರೂಪಗಳು ನಾಲಗೆಗೆ ಬರಲು ಅದು ಒಳ್ಳೆಯ ಅಭ್ಯಾಸ. ಆದರೆ ಯಾವ ಮನೆಯನ್ನು ಯಾವಾಗ ಆರಿಸಬೇಕು ಎಂಬುದು ಪಟ್ಟಿಯೊಳಗೆ ಇಲ್ಲ.

ಅದು ಹೇಳುವವನ ನೆಲೆಯಲ್ಲಿದೆ. ಪಾಣಿನಿಗೆ ಇದು ಚೆನ್ನಾಗಿ ಗೊತ್ತಿತ್ತು: ಸಂಸ್ಕೃತದ ಭೂತಕಾಲದ ಲಕಾರಗಳನ್ನು ವಿವರಿಸುವಾಗ ಅವನು, ಘಟನೆ ಇಂದಿನದೋ ಇಂದಿಗಿಂತ ಹಿಂದಿನದೋ, ಹೇಳುವವನು ಅದನ್ನು ಕಣ್ಣಾರೆ ಕಂಡನೋ ಅವನಿಗೆ ಅದು ಪರೋಕ್ಷವೋ ಎಂದು ಬೇರ್ಪಡಿಸಿ, ಇಂದಿನದಲ್ಲದ ಭೂತಕ್ಕೆ ಲಙ್, ಅದರಲ್ಲೂ ಪರೋಕ್ಷವಾದುದಕ್ಕೆ ಲಿಟ್ ಎಂದು ವಿಧಿಸಿದ. ಗಡಿಯಾರದ ಲೆಕ್ಕವೊಂದರಿಂದಲೇ ಈ ವಿಭಾಗ ಹುಟ್ಟಲಾರದು. ಇಪ್ಪತ್ತನೆಯ ಶತಮಾನದಲ್ಲಿ ತರ್ಕಶಾಸ್ತ್ರಜ್ಞ ಹಾನ್ಸ್ ರೈಷನ್‌ಬಾಕ್ 1947ರ ತನ್ನ ಗ್ರಂಥದಲ್ಲಿ ಇಂಗ್ಲಿಷ್ ಕಾಲರೂಪಗಳಿಗೆ ಮೂರು ಬಿಂದುಗಳನ್ನು ಸೂಚಿಸಿದ: ಮಾತು ಆಡುವ ಕ್ಷಣ, ಘಟನೆ ನಡೆದ ಕ್ಷಣ, ಮತ್ತು ಘಟನೆಯನ್ನು ಯಾವ ಕ್ಷಣದಿಂದ ನೋಡುತ್ತಿದ್ದೇವೆಯೋ ಆ ನೋಟದ ಕ್ಷಣ. ಸಿಂಪಲ್ ಪಾಸ್ಟಿನಲ್ಲಿ ನೋಟದ ಕ್ಷಣ ಘಟನೆಯ ಜೊತೆಗೇ ಹಿಂದೆ ಉಳಿದಿರುತ್ತದೆ. ಪ್ರೆಸೆಂಟ್ ಪರ್ಫೆಕ್ಟಿನಲ್ಲಿ ಘಟನೆ ಹಿಂದೆ ನಡೆದಿದ್ದರೂ ನೋಟ ಮಾತಿನ ಕ್ಷಣದಲ್ಲಿ, ಈಗಿನಲ್ಲಿ ಇರುತ್ತದೆ. ಪಾಸ್ಟ್ ಪರ್ಫೆಕ್ಟಿನಲ್ಲಿ ನೋಟ ಹಿಂದಿನ ಒಂದು ಕ್ಷಣದಲ್ಲಿದ್ದು, ಘಟನೆ ಅದಕ್ಕೂ ಹಿಂದಿನದಾಗಿರುತ್ತದೆ. ನಾವು ನಿಲ್ದಾಣ ತಲುಪುವಷ್ಟರಲ್ಲಿ ರೈಲು ಹೊರಟುಹೋಗಿತ್ತು ಎಂಬ ಕನ್ನಡ ವಾಕ್ಯಕ್ಕೂ ಈ ವಿವರಣೆ ಸರಿಯಾಗಿ ಕೂಡುತ್ತದೆ.

ಇಲ್ಲಿಂದ ಮುಂದೆ ಕನ್ನಡ ವಿದ್ಯಾರ್ಥಿಯ ಕಷ್ಟ ನಿಜವಾಗಿ ಎಲ್ಲಿದೆ ಎಂಬುದನ್ನು ಖಚಿತವಾಗಿ ಹೇಳಬಹುದು. ಕನ್ನಡದಲ್ಲಿ ಬಂದನು ಎಂಬುದೂ ಇದೆ, ಬಂದಿದ್ದಾನೆ ಎಂಬುದೂ ಇದೆ. ಪ್ರೆಸೆಂಟ್ ಪರ್ಫೆಕ್ಟಿಗೆ ಸಮನಾದ ರೂಪ ಕನ್ನಡದಲ್ಲಿಲ್ಲ ಎಂಬ ಮಾತು ಸುಳ್ಳು. ವ್ಯತ್ಯಾಸ ಇರುವುದು ಆ ರೂಪದ ಅಧಿಕಾರವ್ಯಾಪ್ತಿಯಲ್ಲಿ. ನಿನ್ನೆ ಬಂದಿದ್ದಾನೆ ಎಂದು ಕನ್ನಡಿಗ ಸಲೀಸಾಗಿ ಹೇಳುತ್ತಾನೆ. ಇಂಗ್ಲಿಷಿನಲ್ಲಿ 'ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ' ಎಂಬುದು ತಪ್ಪು, ಏಕೆಂದರೆ ಯೆಸ್ಟರ್‌ಡೇ ನೋಟವನ್ನು ನಿನ್ನೆಗೆ ಕಟ್ಟುತ್ತದೆ, ಹ್ಯಾಸ್ ಅದನ್ನು ಈಗಿಗೆ ಎಳೆಯುತ್ತದೆ. 941ರಲ್ಲಿ ಪಂಪ ಆದಿಪುರಾಣವನ್ನು ಬರೆದಿದ್ದಾನೆ ಎಂಬ ವಾಕ್ಯದಲ್ಲಿ ಕನ್ನಡದ ಓದುಗನಿಗೆ ಏನೂ ಕೊರೆ ಕಾಣುವುದಿಲ್ಲ, ಕಾವ್ಯ ಇಂದೂ ಕೈಯಲ್ಲಿರುವುದರಿಂದ ಆ ಕ್ರಿಯೆಯ ಫಲ ಇನ್ನೂ ಜೀವಂತ. ಇಂಗ್ಲಿಷ್ ಈ ಉದಾರತೆಯನ್ನು ತೋರಿಸುವುದಿಲ್ಲ. ವರ್ಷವನ್ನು ಹೇಳಿದ ಮೇಲೆ ರೋಟ್ ಎಂಬ ಸಿಂಪಲ್ ಪಾಸ್ಟ್ ಬೇಕೇ ಬೇಕು, ವರ್ಷವನ್ನು ಹೇಳದಿದ್ದರೂ ಬಹುಕಾಲದ ಹಿಂದೆ ತೀರಿಕೊಂಡ ಕವಿಯನ್ನೇ ಕರ್ತೃವಾಗಿಸಿ ಹ್ಯಾಸ್ ರಿಟನ್ ಎಂದರೆ ಇಂಗ್ಲಿಷ್ ಕಿವಿಗೆ ಅದು ಒರಟಾಗಿ ಕೇಳುತ್ತದೆ.

ಹಾಗಾದರೆ ಈ ಭೇದವನ್ನು ಕನ್ನಡದ ಮೂಲಕವೇ ತಿಳಿಸುವ ದಾರಿ ಇಲ್ಲವೇ ಎಂದರೆ, ಇದೆ, ಮತ್ತು ಅದು ಶಿಕ್ಷಕರು ಅಷ್ಟಾಗಿ ಬಳಸದ ದಾರಿ. ಇತಿವಾಚಕದಲ್ಲಿ ಮಸುಕಾಗಿರುವ ಗೆರೆ ಕನ್ನಡದ ನಿಷೇಧದಲ್ಲಿ ಸ್ಪಷ್ಟವಾಗಿದೆ. ಊಟ ಮಾಡಲಿಲ್ಲ ಎಂಬುದಕ್ಕೂ ಊಟ ಮಾಡಿಲ್ಲ ಎಂಬುದಕ್ಕೂ ಇರುವ ವ್ಯತ್ಯಾಸವನ್ನು ಯಾವ ಹಳ್ಳಿಯ ಮಗುವೂ ತಪ್ಪುವುದಿಲ್ಲ: ಮಾಡಲಿಲ್ಲ ಎಂದಾಗ ಊಟದ ಹೊತ್ತು ಕಳೆದುಹೋಗಿದೆ, ಸಂಗತಿ ಮುಗಿದಿದೆ, ಮಾಡಿಲ್ಲ ಎಂದಾಗ ಹಸಿವು ಇನ್ನೂ ಇದೆ, ತಟ್ಟೆ ಹಾಕಿದರೆ ಕೂರಲು ಸಿದ್ಧ. ಮೊದಲನೆಯದು 'ಡಿಡ್ ನಾಟ್ ಈಟ್', ಎರಡನೆಯದು 'ಹ್ಯಾಸ್ ನಾಟ್ ಈಟನ್'. ಇಂಗ್ಲಿಷಿನ ಇತಿವಾಚಕ ವಾಕ್ಯವನ್ನು ಬರೆಯುವ ಮುನ್ನ ಅದನ್ನು ಕನ್ನಡದಲ್ಲಿ ನಿಷೇಧಕ್ಕೆ ತಿರುಗಿಸಿ, ಬರುವುದು ಲಿಲ್ಲವೋ ಇಲ್ಲವೋ ಎಂದು ನೋಡಿಕೊಂಡರೆ ಹೆಚ್ಚಿನ ಸಂದರ್ಭಗಳಲ್ಲಿ ಉತ್ತರ ಸಿಗುತ್ತದೆ. ಹಳೆಯ ಕನ್ನಡದ ಅರಿಯೆನು, ಬಾರೆನು ಎಂಬ ನಿಷೇಧರೂಪಗಳಲ್ಲಿ ಕಾಲಪ್ರತ್ಯಯವೇ ಇರಲಿಲ್ಲ ಎಂಬುದನ್ನು ನೆನೆದರೆ, ಇಂದಿನ ಆಡುಮಾತು ಅದೇ ನಿಷೇಧದಲ್ಲಿ ಇಷ್ಟು ಸೂಕ್ಷ್ಮವಾದ ಕಾಲಭೇದವನ್ನು ಕಟ್ಟಿಕೊಂಡಿರುವುದು ಬೆರಗಿನ ವಿಷಯ.

ಪಾಸ್ಟ್ ಪರ್ಫೆಕ್ಟನ್ನು ಭಾರತೀಯ ಇಂಗ್ಲಿಷಿನಲ್ಲಿ ಬೇಕಾಬಿಟ್ಟಿ ಬಳಸುತ್ತಾರೆಂಬ ಆಕ್ಷೇಪವಿದೆ. ನಿನ್ನೆ ಮೈಸೂರಿಗೆ ಹೋಗಿದ್ದೆ ಎಂಬ ಕನ್ನಡ ವಾಕ್ಯವೇ 'ಐ ಹ್ಯಾಡ್ ಗಾನ್ ಟು ಮೈಸೂರು ಯೆಸ್ಟರ್‌ಡೇ' ಎಂದಾಗುತ್ತದೆ. ಆದರೆ ಕನ್ನಡದ ಹೋಗಿದ್ದೆ ಎಂಬುದರಲ್ಲಿ ಒಂದು ಹೆಚ್ಚಿನ ಅರ್ಥವಿದೆ: ಹೋಗಿ ಬಂದಾಯಿತು, ಈಗ ಇಲ್ಲಿದ್ದೇನೆ. ಹೋಗಿದ್ದಾನೆ ಎಂದರೆ ಇನ್ನೂ ಅಲ್ಲೇ ಇದ್ದಾನೆ, ಹೋಗಿದ್ದ ಎಂದರೆ ಮರಳಿದ್ದಾನೆ. ಇಂಗ್ಲಿಷ್ ಈ ಭೇದವನ್ನು ಕಾಲರೂಪಕ್ಕೆ ಬಿಡದೆ ಧಾತುವನ್ನೇ ಬದಲಿಸಿ, ಹ್ಯಾಸ್ ಗಾನ್ ಎಂದರೆ ಅಲ್ಲಿದ್ದಾನೆ, ಹ್ಯಾಸ್ ಬೀನ್ ಎಂದರೆ ಹೋಗಿ ಬಂದಿದ್ದಾನೆ ಎಂದು ಹೇಳುತ್ತದೆ. ನಿನ್ನೆ ಎಂಬ ಪದ ಸೇರಿದರೆ ಬರೀ ವೆಂಟ್ ಸಾಕು. ಹ್ಯಾಡ್ ಬೇಕಾದರೆ ನಿನ್ನೆಯೊಳಗೇ ಇನ್ನೊಂದು ಘಟನೆ ಇರಬೇಕು, ಅದಕ್ಕೂ ಮುಂಚೆ ಹೋಗುವಿಕೆ ನಡೆದಿರಬೇಕು. ತಪ್ಪು ಮಾಡುವ ಕನ್ನಡಿಗ ಅರ್ಥಹೀನವಾದುದನ್ನು ಹೇಳುತ್ತಿಲ್ಲ, ತನ್ನ ಭಾಷೆಯ ಒಂದು ನಯವನ್ನು ಅದಕ್ಕೆ ಜಾಗವಿಲ್ಲದ ಕಡೆ ಇಡಲು ಹೆಣಗುತ್ತಿದ್ದಾನೆ.

ಉಳಿದ ಕೆಲವು ಎಡವುಗಳನ್ನು ಬೇಗ ದಾಟಬಹುದು. ಹತ್ತು ವರ್ಷದಿಂದ, 2015ರಿಂದ ಎಂಬ ಎರಡಕ್ಕೂ ಕನ್ನಡದಲ್ಲಿ ಇಂದ ಪ್ರತ್ಯಯವೇ ಇರುವುದರಿಂದ ಅವಧಿಗೆ ಫಾರ್, ಆರಂಭಕ್ಕೆ ಸಿನ್ಸ್ ಎಂಬ ವಿಂಗಡಣೆ ತಪ್ಪುತ್ತದೆ, ಮತ್ತು ಇದ್ದೇನೆ ಎಂಬ ವರ್ತಮಾನವನ್ನು ನೋಡಿ ಹ್ಯಾವ್ ಬೀನ್ ಬರಬೇಕಾದ ಕಡೆ ಆಮ್ ಬರುತ್ತದೆ. ಇಬ್ಬರು ತಮ್ಮಂದಿರಿದ್ದಾರೆ ಎಂಬಲ್ಲಿಯೂ ಓದುತ್ತಿದ್ದಾರೆ ಎಂಬಲ್ಲಿಯೂ ಇರು ಧಾತುವೇ ಕೇಳಿಸುವುದು 'ಐ ಆಮ್ ಹ್ಯಾವಿಂಗ್ ಟು ಬ್ರದರ್ಸ್' ಎಂಬ ಪ್ರಯೋಗಕ್ಕೆ ಒಂದು ಕಾರಣವಿರಬಹುದು. ಸ್ಥಿತಿಯನ್ನು ಹೇಳುವ ನೋ, ಹ್ಯಾವ್, ಬಿಲಾಂಗ್ ಮೊದಲಾದ ಕ್ರಿಯಾಪದಗಳು ಆ ಅರ್ಥದಲ್ಲಿ ಕಂಟಿನ್ಯುಯಸ್ ರೂಪವನ್ನು ಒಲ್ಲವು. ಭವಿಷ್ಯತ್ತಿನ ವಿಷಯದಲ್ಲಿ ಎರಡು ಭಾಷೆಗಳೂ ಸಡಿಲವಾಗಿವೆ. ನಾಳೆ ಬರುತ್ತೇನೆ ಎಂಬಲ್ಲಿ ವರ್ತಮಾನದ ರೂಪವಿದೆ, 'ದ ಟ್ರೇನ್ ಲೀವ್ಸ್ ಅಟ್ ಸಿಕ್ಸ್ ಟುಮಾರೊ' ಎಂಬಲ್ಲಿಯೂ ಅದೇ. ಒಳಗಿನಿಂದ ಯಾರೋ ಕರೆದಾಗ ಇನ್ನೂ ಎದ್ದಿರದ ಕನ್ನಡಿಗ ಬಂದೆ ಎಂದು ಭೂತರೂಪದಲ್ಲೇ ಉತ್ತರ ಕೊಡುತ್ತಾನೆ. ವಿನಯಕ್ಕೂ ಎರಡು ಭಾಷೆಗಳು ಭೂತವನ್ನೇ ಸಾಲ ತೆಗೆದುಕೊಳ್ಳುತ್ತವೆ: ಸ್ವಲ್ಪ ಹಣ ಬೇಕಾಗಿತ್ತು ಎಂದು ಕೇಳುವವನಿಗೆ ಹಣ ಈಗಲೇ ಬೇಕಾಗಿದೆ, 'ಐ ವಾಂಟೆಡ್ ಟು ಆಸ್ಕ್ ಯು ಸಂಥಿಂಗ್' ಎನ್ನುವವನು ಈಗಲೇ ಕೇಳುತ್ತಿದ್ದಾನೆ. ಊಟ ಆಯ್ತಾ ಎಂಬ ಕನ್ನಡದ ಉಪಚಾರಕ್ಕೆ ಬ್ರಿಟಿಷರು ಹ್ಯಾವ್ ಎಂದು ಆರಂಭಿಸುವ ಕಡೆ ಅಮೆರಿಕನ್ನರು ಡಿಡ್ ಎಂದು ಆರಂಭಿಸುವುದೂ ಉಂಟು, ಆದ್ದರಿಂದ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ತಪ್ಪೆನಿಸಿಕೊಂಡದ್ದೆಲ್ಲ ಎಲ್ಲ ಕಡೆಯೂ ತಪ್ಪಾಗಿರಬೇಕಿಲ್ಲ.

ಸಮಾನಾಧಿಕರಣ ಪದವೂ ಕಾಲರೂಪವೂ ಒಂದೇ ವಾಕ್ಯದಲ್ಲಿ ಸಂಧಿಸುವ ಒಂದು ಜಾಗವಿದೆ. ಇಂಗ್ಲಿಷಿನಲ್ಲಿ ನ್ಯೂಸ್, ಫ್ಯಾಕ್ಟ್, ಹೋಪ್ ಮುಂತಾದ ನಾಮಪದಗಳ ಪಕ್ಕದಲ್ಲಿ ಒಂದು ಹೆಸರಿನ ಬದಲು ದಟ್ ಎಂದು ಆರಂಭವಾಗು‌ವ ಇಡೀ ಉಪವಾಕ್ಯವೇ ನಿಂತು, ಆ ಸುದ್ದಿ ಏನು, ಆ ಸಂಗತಿ ಯಾವುದು ಎಂಬುದನ್ನು ಹೇಳಬಹುದು. ಸುದ್ದಿಯೂ ಉಪವಾಕ್ಯವೂ ಒಂದೇ ಆಗಿರುವುದರಿಂದ ಇದೂ ಸಾಮಾನಾಧಿಕರಣ್ಯವೇ. 'ದ ನ್ಯೂಸ್ ದಟ್ ಹಿ ಬ್ರಾಟ್' ಎಂಬಲ್ಲಿಯೂ ದಟ್ ಇದೆ, 'ದ ನ್ಯೂಸ್ ದಟ್ ಹಿ ಹ್ಯಾಡ್ ಕಮ್' ಎಂಬಲ್ಲಿಯೂ ದಟ್ ಇದೆ, ಮೊದಲನೆಯದು ಸುದ್ದಿಗೆ ವಿಶೇಷಣ, ಎರಡನೆಯದು ಸುದ್ದಿಯ ಒಡಲು. ಇಂಗ್ಲಿಷ್ ಮಕ್ಕಳಿಗೂ ಇವುಗಳನ್ನು ಬೇರ್ಪಡಿಸಿ ವಿವರಿಸಬೇಕಾಗುತ್ತದೆ. ಕನ್ನಡದಲ್ಲಿ ಅವನು ತಂದ ಸುದ್ದಿ, ಅವನು ಬಂದಿದ್ದಾನೆ ಎಂಬ ಸುದ್ದಿ ಎಂದು ಎರಡೂ ರೂಪದಲ್ಲೇ ಬೇರೆ, ಹಾಗಾಗಿ ಈ ಒಂದು ಪಾಠದಲ್ಲಿ ಕನ್ನಡ ವಿದ್ಯಾರ್ಥಿಗೆ ಮುನ್ನಡೆ ಇದೆ. ಆದರೆ ಆ ಎಂಬದ ಒಳಗಿನ ಕಾಲದಲ್ಲಿ ತೊಡಕು ಕಾದಿರುತ್ತದೆ. ಎಂಬ, ಎಂದು ಎರಡೂ ಎನ್ನು ಧಾತುವಿನವು, ಅಂದವರ ಮಾತನ್ನು ಅಂದಹಾಗೆಯೇ ಒಳಗಿಟ್ಟುಕೊಳ್ಳುವಂಥವು; ನಾಳೆ ಬರುತ್ತೇನೆ ಎಂದು ಹೇಳಿದ ಎನ್ನುವಾಗ ಬರುತ್ತೇನೆ ತನ್ನ ಮೂಲರೂಪವನ್ನು ಬಿಡುವುದಿಲ್ಲ. ಇಂಗ್ಲಿಷ್ ಪರೋಕ್ಷ ಕಥನದಲ್ಲಿ ಹೊರಗಿನ ಕ್ರಿಯಾಪದ ಭೂತವಾದರೆ ಒಳಗಿನದೂ ಒಂದು ಹೆಜ್ಜೆ ಹಿಂದೆ ಸರಿಯುತ್ತದೆ, ವಿಲ್ ವುಡ್ ಆಗುತ್ತದೆ, ಹ್ಯಾಸ್ ಹ್ಯಾಡ್ ಆಗುತ್ತದೆ, ಏಕೆಂದರೆ ಮಾತು ಯಾರದಾಗಿದ್ದರೂ ಅದನ್ನು ಈಗ ವರದಿ ಮಾಡುವವನ ನೆಲೆಯಿಂದಲೇ ಇಂಗ್ಲಿಷ್ ಕಾಲವನ್ನು ಅಳೆಯುತ್ತದೆ.

2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೆಯ ಕ್ರೆಸ್ಟ್ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋದಾಗ, ಗೇಟು ಕೊಚ್ಚಿಹೋಗಿದೆ ಎಂಬ ಸುದ್ದಿ ಎಂದು ಅಂದಿನ ವರದಿಗೂ ಬರೆಯಬಹುದಿತ್ತು, ತಾತ್ಕಾಲಿಕ ತಡೆಯನ್ನು ಇಳಿಸಿ ನೀರು ನಿಲ್ಲಿಸಿದ ಮೇಲೆ ಆ ರಾತ್ರಿಯನ್ನು ನೆನೆಯುವ ಲೇಖನಕ್ಕೂ ಅದೇ ಪದಗಳನ್ನು ಬಳಸಬಹುದು. ಕನ್ನಡದ ಎಂಬ ಎರಡನ್ನೂ ತಡೆಯುವುದಿಲ್ಲ. ಇಂಗ್ಲಿಷ್ ವರದಿಗಾರ ಮೊದಲ ಗಳಿಗೆಯಲ್ಲಿ 'ದ ನ್ಯೂಸ್ ದಟ್ ದ ಗೇಟ್ ಹ್ಯಾಸ್ ಬೀನ್ ವಾಷ್ಡ್ ಅವೇ ಹ್ಯಾಸ್ ಜಸ್ಟ್ ರೀಚ್ಡ್ ಅಸ್' ಎಂದು ಬರೆಯುತ್ತಾನೆ. ಆಮೇಲಿನ ಲೇಖನದಲ್ಲಿ 'ದ ನ್ಯೂಸ್ ದಟ್ ದ ಗೇಟ್ ಹ್ಯಾಡ್ ಬೀನ್ ವಾಷ್ಡ್ ಅವೇ ರೀಚ್ಡ್ ದ ವಿಲೇಜಸ್' ಎಂದು ಹ್ಯಾಸ್ ಹ್ಯಾಡ್ ಆಗಲೇಬೇಕು. ಗೇಟು ಹೋದದ್ದು ಒಂದೇ ಸಲ, ಸುದ್ದಿಯೂ ಒಂದೇ; ಎರಡು ವಾಕ್ಯಗಳ ನಡುವೆ ಬದಲಾದದ್ದು ಬರೆಯುವವನು ನಿಂತ ದಿನ.